ಹಂದಿ ಇಲ್ಲ ಅಂದ ಮಾತ್ರಕ್ಕೆ ಹಲಾಲ್ ಆಗ್ತದಾ?

ಈ ವಾರ ನಾವು ಬರೆಯುತ್ತಿರುವುದು ನಮ್ಮದೇ ಒಂದು ತಪ್ಪಿನ ಬಗ್ಗೆ.

ಒಂದು ದಿನ ಅಸರ್ ನಮಾಝ್ ಮುಗಿಸಿ ಮದ್ರಸದ ಜಗಲಿಯಲ್ಲಿ ಕೂತಿದ್ದಾಗ ವಾಟ್ಸ್‌ಆ್ಯಪ್‌ಗೆ ಒಂದು ಫೋಟೊ ಬಂತು. ಕಳಿಸಿದವಳು ನಮ್ಮಲ್ಲೇ ಓದಿದ ಹುಡುಗಿ. ಈಗ ಗಂಡನ ಕೆಲಸದ ಕಾರಣ ಕೌಲಾಲಂಪುರದಲ್ಲಿದ್ದಾಳೆ. ಊರಿನಿಂದ ಗಂಡನ ಉಮ್ಮ ಬಾಪ ಹೋಗಿದ್ದರು. ಅವರನ್ನು ಕರೆದುಕೊಂಡು ಒಂದು ಜಪಾನಿ ಬಫೆಯ ಬಾಗಿಲಲ್ಲಿ ನಿಂತಿದ್ದಾರೆ. ನಮಗಿಂತ ಅಲ್ಲಿ ಎರಡೂವರೆ ಗಂಟೆ ಮುಂದೆ, ರಾತ್ರಿ ಊಟದ ಹೊತ್ತು. ಫೋಟೊದಲ್ಲಿ ಬಾಗಿಲಿನ ಬೋರ್ಡು: 'ನೋ ಪೋರ್ಕ್, ನೋ ಲಾರ್ಡ್'. ಕೆಳಗೆ ಅವಳ ಪ್ರಶ್ನೆ: "ಉಸ್ತಾದ್, ತಿನ್ನಬಹುದಾ?"

ನಾವು ಯೋಚನೆ ಮಾಡಲಿಲ್ಲ. ಮಗ್ರಿಬ್‌ಗೆ ಮೊದಲು ಒಂದು ತರಗತಿ ಬಾಕಿ ಇತ್ತು. ಧ್ವನಿ ಸಂದೇಶ ಹಾಕಿದೆವು: "ಹಂದಿಯೂ ಇಲ್ಲ, ಹಂದಿ ಕೊಬ್ಬೂ ಇಲ್ಲ ಅಂತ ಬರೆದಿದ್ದಾರಲ್ಲ ಮಗಳೇ. ಮತ್ತೆ ಅದು ಮುಸ್ಲಿಮರ ದೇಶ. ಬಿಸ್ಮಿ ಹೇಳಿ ತಿನ್ನಿ."

ಅಷ್ಟಕ್ಕೆ ಮುಗಿದಿದ್ದರೆ ಈ ಬರಹ ಬೇಕಿರಲಿಲ್ಲ. ಕೆಲವು ದಿನ ಕಳೆದು ನಮ್ಮದೇ ಧ್ವನಿ ನಮ್ಮದೇ ಮೊಹಲ್ಲಾದ ಗುಂಪಿಗೆ ತಿರುಗಿ ಬಂತು. ರಜೆಯಲ್ಲಿ ಮಲೇಷ್ಯಾಕ್ಕೆ ಹೊರಟವರು ಯಾರೋ ಹಾಕಿದ್ದು. ಮೇಲೆ ಒಂದು ಸಾಲು ಬೇರೆ: 'ಜಪಾನ್ ಹೋಟೆಲ್ ಹಲಾಲ್, ಉಸ್ತಾದ್ ಹೇಳಿದ್ದಾರೆ'. ಒಬ್ಬಳಿಗೆ ಒಂದು ಬಾಗಿಲಿನ ಬಗ್ಗೆ ಹೇಳಿದ ಮಾತು ಎಲ್ಲ ಜಪಾನಿ ಹೋಟೆಲುಗಳ ಫತ್ವಾ ಆಗಿ ಕೂತಿತ್ತು. ಅದನ್ನು ಕೇಳಿ ಗಲ್ಫಿನಲ್ಲಿರುವ ನಮ್ಮ ಇನ್ನೊಬ್ಬ ಹಳೇ ವಿದ್ಯಾರ್ಥಿ ಫೋನ್ ಮಾಡಿದ. ಅವನು ಅಲ್ಲಿ ಒಂದು ಜಪಾನಿ ಅಡುಗೆಮನೆಯಲ್ಲಿ ಎರಡು ವರ್ಷ ಸಹಾಯಕನಾಗಿದ್ದವ. ಗೌರವದಿಂದಲೇ ಕೇಳಿದ: "ಉಸ್ತಾದ್, ಆ ಬೋರ್ಡಲ್ಲಿ ಶರಾಬಿನ ಬಗ್ಗೆ ಎಂತ ಬರೆದದ್ದುಂಟು?"

ಏನೂ ಬರೆದಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ಆ ಹುಡುಗ ಫೋನಿನಲ್ಲಿ ಹೇಳಿದ್ದನ್ನು, ಆಮೇಲೆ ನಾವು ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇವೆ. ನಮ್ಮ ಅಡುಗೆಯಲ್ಲಿ ಹುಣಸೆಹುಳಿ, ತೆಂಗಿನಕಾಯಿ ಹೇಗೋ ಹಾಗೆ ಜಪಾನಿ ಅಡುಗೆಯಲ್ಲಿ ಮೀರಿನ್ ಮತ್ತು ಸಾಕೆ. ಸಾಕೆ ಅಂದರೆ ಅಕ್ಕಿಯ ಶರಾಬು, ಸುಮಾರು ಶೇ. 15 ಅಲ್ಕೋಹಾಲ್. ಮೀರಿನ್ ಅಂದರೆ ಅಡುಗೆಗೆ ಬಳಸುವ ಸಿಹಿ ಅಕ್ಕಿ ಮದ್ಯ. ಅಸಲಿ ಮೀರಿನ್‌ನಲ್ಲಿ ಶೇ. 14ರ ಆಸುಪಾಸು ಇರುತ್ತದೆ. ಬಿಯರಿನಲ್ಲಿರುವುದಕ್ಕಿಂತ ಎರಡು ಮೂರು ಪಟ್ಟು. ಕೋಳಿಗೆ ಹೊಳೆಯುವ ಕಂದು ಬಣ್ಣ ಕೊಡುವ ತೆರಿಯಾಕಿ ಸಾಸಿನಲ್ಲಿ ಸಾಮಾನ್ಯವಾಗಿ ಇದು ಇದ್ದೇ ಇರುತ್ತದೆ. ಹಾವುಮೀನಿಗೆ ಸವರುವ ಸಾಸಿನಲ್ಲಿ, ಹಬೆಯಲ್ಲಿ ಬೇಯಿಸಿದ ಮೊಟ್ಟೆಯ ಚವನ್‌ಮುಶಿಯಲ್ಲಿ, ನೂಡಲ್ಸಿನ ಸಾರಿನಲ್ಲಿ, ಕೆಲವು ಅಡುಗೆಮನೆಗಳಲ್ಲಿ ಸುಶಿಯ ಅನ್ನದಲ್ಲಿ ಕೂಡ. "ಮಾಂಸ ಮುಟ್ಟುವುದು ಬೇಡ, ಅನ್ನ ಮೀನು ತಿಂದರಾಯ್ತು" ಎಂದು ನಮ್ಮವರು ಸಮಾಧಾನ ಮಾಡಿಕೊಳ್ಳುತ್ತಾರಲ್ಲ, ಆ ಅನ್ನದಲ್ಲೇ ಸಂಗತಿ ಇರಬಹುದು. ಅದರಲ್ಲಿ ಹಂದಿ ಇಲ್ಲ, ಬೋರ್ಡು ಸುಳ್ಳು ಹೇಳಿಲ್ಲ. ನಾವೇ ಇಲ್ಲದ ಅರ್ಥ ಓದಿಕೊಂಡದ್ದು.

"ಬೇಯಿಸುವಾಗ ಶರಾಬು ಆವಿಯಾಗಿ ಹೋಗ್ತದೆ" ಎಂಬ ಮಾತು ಓದಿದವರ ಬಾಯಲ್ಲೂ ಬರುತ್ತದೆ. ಪೂರ್ತಿ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ ಅಡುಗೆಗೆ ಬೆರೆಸಿ 15 ನಿಮಿಷ ಕುದಿಸಿದರೂ ಶೇ. 40ರಷ್ಟು ಉಳಿಯುತ್ತದೆ, ಒಂದು ಗಂಟೆ ಕುದಿಸಿದರೆ ಶೇ. 25. ಇನ್ನು ಪೂರ್ತಿ ಆವಿಯಾದರೂ ನಮ್ಮ ಶಾಫಿಈ ಮದ್‌ಹಬಿನಲ್ಲಿ ಪ್ರಶ್ನೆ ಮುಗಿಯುವುದಿಲ್ಲ. ಶರಾಬು ನಜಸ್. ಸಾರಿಗೆ ಬಿದ್ದರೆ ಸಾರು ನಜಸ್ ಆಯಿತು. ಆಮೇಲೆ ಎಷ್ಟು ಉಳಿಯಿತು, ಎಷ್ಟು ಹಾರಿತು ಎಂಬ ಲೆಕ್ಕ ಅದನ್ನು ಶುದ್ಧ ಮಾಡುವುದಿಲ್ಲ.

ಹಾಗಂತ ಜಪಾನಿನದ್ದೆಲ್ಲ ಹರಾಮ್ ಎಂದು ಕೈ ಝಾಡಿಸುವುದೂ ಅಷ್ಟೇ ದೊಡ್ಡ ತಪ್ಪು. ಅಕ್ಕಿಯ ವಿನೆಗರ್ ಹಲಾಲ್. ಪ್ರವಾದಿಯವರು ವಿನೆಗರನ್ನು ಮೆಚ್ಚಿ ಊಟಕ್ಕೆ ಬಳಸಿದ್ದು ಹದೀಸ್ ಓದಿದವರಿಗೆಲ್ಲ ಗೊತ್ತು. ಸೋಯಾ ಸಾಸ್ ತಾನಾಗಿ ಹುಳಿಯುವಾಗ ಅದರಲ್ಲಿ ಸ್ವಲ್ಪ ಅಲ್ಕೋಹಾಲ್ ಹುಟ್ಟುತ್ತದೆ. ಅದು ಶರಾಬು ಸುರಿದದ್ದಲ್ಲ. ಮಲೇಷ್ಯಾದ ರಾಷ್ಟ್ರೀಯ ಫತ್ವಾ ಸಮಿತಿ 2011ರಲ್ಲಿ ಈ ವಿಷಯ ಕೈಗೆತ್ತಿಕೊಂಡಾಗ ಇದೇ ಭೇದ ಮಾಡಿತು: ಆಹಾರದಲ್ಲಿ ತಾನಾಗಿ ಉಂಟಾಗುವ ಅಲ್ಪ ಅಲ್ಕೋಹಾಲ್ ಬೇರೆ, ಮದ್ಯವೆಂದು ತಯಾರಿಸಿದ್ದನ್ನು ಬೆರೆಸುವುದು ಬೇರೆ. ಕೆಲವು ಕಂಪೆನಿಗಳು ಕೆಡದಿರಲಿ ಎಂದು ಸೋಯಾ ಸಾಸಿಗೂ ಮಿಸೊಗೂ ಬೇರೆಯಾಗಿ ಅಲ್ಕೋಹಾಲ್ ಸೇರಿಸುತ್ತವೆ. ಹಾಗಾಗಿ ಬಾಟಲಿಯ ಚೀಟಿ ಓದಬೇಕು. ಹಲಾಲ್ ಮುದ್ರೆ ಇರುವ ಸೋಯಾ ಸಾಸ್ ಮಲೇಷ್ಯಾದಲ್ಲಿ ಸುಲಭವಾಗಿ ಸಿಗುತ್ತದೆ.

ಮೀನಿನ ವಿಷಯದಲ್ಲಂತೂ ಕರಾವಳಿಯ ನಮಗೆ ಹೊಸದೇನೂ ಇಲ್ಲ. ಅಲ್ಲಿ ಸಾರಿಗೆ ಅಡಿಪಾಯವಾದ ದಾಶಿ ಮಾಡುವುದು ಒಣಗಿಸಿದ ಮೀನಿನ ಚೂರಿನಿಂದ. ಅದು ಲಕ್ಷದ್ವೀಪದಿಂದ ಮಂಗಳೂರಿಗೆ ಬರುವ ಮಾಸ್ ಮೀನಿನ ಜಾತಿಯದ್ದೇ. ಬೊಂಡಾಸ್, ಸಿಗಡಿ, ಹಾವುಮೀನು, ಅಷ್ಟಪದಿ, ಇವೆಲ್ಲ ನೀರಿನಲ್ಲೇ ಬದುಕುವಂಥವು, ಶಾಫಿಈಗಳಿಗೆ ಅಡ್ಡಿ ಇಲ್ಲ. ಹಸಿ ಮೀನು ತಿನ್ನುವುದು ಹೊಟ್ಟೆಗೆ ಒಗ್ಗಿದರೆ ದೀನಿಗೂ ತೊಂದರೆ ಇಲ್ಲ. (ನಮಗೆ ಒಗ್ಗಲಿಕ್ಕಿಲ್ಲ, ಬಂಗುಡೆ ಪುಳಿಮುಂಚಿ ಸಾಕು.) ಆದರೆ ಹನಫಿ ಗೆಳೆಯರು ಜೊತೆಗಿದ್ದರೆ ನೆನಪಿರಲಿ, ಅವರಿಗೆ ಕಡಲಿನದ್ದರಲ್ಲಿ ಮೀನು ಮಾತ್ರ. ಸಿಗಡಿಯ ಬಗ್ಗೆ ಅವರಲ್ಲೇ ಎರಡು ಮಾತಿದೆ. ಏಡಿಯ ವಿಷಯದಲ್ಲಿ ನಮ್ಮ ಮದ್‌ಹಬಿನೊಳಗೇ ಮಾತುಂಟು, ನಿಮ್ಮ ಖತೀಬರಲ್ಲಿ ಕೇಳಿ. ತಮಾಷೆ ಎಂದರೆ ಬಫೆಯಲ್ಲಿ ಏಡಿಯ ಹೆಸರಿನಲ್ಲಿ ಇಡುವ ಕೆಂಪು ಬಿಳಿ ಕಡ್ಡಿಯಲ್ಲಿ ಹೆಚ್ಚಾಗಿ ಏಡಿಯೇ ಇರುವುದಿಲ್ಲ. ಅರೆದ ಬಿಳಿ ಮೀನು ಅದು. ಅದರಲ್ಲಿ ನೋಡಬೇಕಾದ್ದು ಏಡಿಯನ್ನಲ್ಲ, ರುಚಿಗೆ ಮೀರಿನ್ ಸೇರಿಸಿದ್ದಾರೋ ಎಂಬುದನ್ನು.

ಇನ್ನು ಬಫೆ. ಮೇಜಿಗೆ ತಂದುಕೊಡುವ ಹೋಟೆಲಿನಲ್ಲಿ ಒಂದು ತಿನಿಸಿನ ಬಗ್ಗೆ ಕೇಳಿ ಒಂದು ತಿನಿಸು ತಿನ್ನಬಹುದು. ಬಫೆಯಲ್ಲಿ ಐವತ್ತು ತಿನಿಸು, ಐವತ್ತು ಚಿಮಟ, ನೂರಾರು ಕೈ. ಚಿಮಟಗಳು ಒಂದೆಡೆ ಇರುವುದಿಲ್ಲ. ಒಬ್ಬ ಮಾಂಸಕ್ಕೆ ಹಾಕಿದ್ದನ್ನೇ ಮುಂದಿನವ ಅನ್ನಕ್ಕೆ ಹಾಕುತ್ತಾನೆ. ಎದುರಿಗೇ ಸುಡುವ ಕಬ್ಬಿಣದ ಹಲಗೆ ಇಡೀ ಸಾಲಿಗೆ ಒಂದೇ. ಕರಿಯುವ ಎಣ್ಣೆ ಒಂದೇ. 'ಟೊನ್' ಎಂದರೆ ಜಪಾನಿ ಭಾಷೆಯಲ್ಲಿ ಹಂದಿ. ಟೊನ್ಕಾತ್ಸು ಹಂದಿಯ ಕರಿದ ಹೋಳು, ಟೊನ್ಕೋತ್ಸು ಹಂದಿ ಎಲುಬನ್ನು ಗಂಟೆಗಟ್ಟಲೆ ಕುದಿಸಿದ ಸಾರು. ಗ್ಯೋಝ ಎಂಬ ಕಡುಬಿನ ಒಳಗೂ ಸಾಮಾನ್ಯವಾಗಿ ಹಂದಿಯೇ. ಹಂದಿ ಬಡಿಸುವ ಬಫೆಯಲ್ಲಿ ಅದೇ ಎಣ್ಣೆಗೆ ಕೋಳಿಯನ್ನೋ ಸಿಗಡಿಯನ್ನೋ ಬಿಟ್ಟರೆ, "ನಾವು ಸಿಗಡಿ ಮಾತ್ರ ತಿಂದೆವು" ಎನ್ನುವುದಕ್ಕೆ ಅರ್ಥವಿಲ್ಲ. ನಮ್ಮ ಮದ್‌ಹಬಿನಲ್ಲಿ ಹಂದಿಯದ್ದು ಅತಿ ಕಠಿಣ ನಜಸ್. ಒದ್ದೆಯಾಗಿ ತಗಲಿದ ಪಾತ್ರೆಯನ್ನು ಏಳು ಸಲ, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ, ತೊಳೆಯಬೇಕು ಎಂದು ಮದ್ರಸದ ಸಣ್ಣ ತರಗತಿಯಲ್ಲೇ ಕಲಿಸುತ್ತೇವೆ. ಮಲೇಷ್ಯಾದವರೂ ಶಾಫಿಈಗಳೇ. ಅಲ್ಲಿ ಹೋಟೆಲಿನ ಪಾತ್ರೆಗಳಿಗೆ ಈ ಶುದ್ಧಿ ಮಾಡುವ ಪದ್ಧತಿಗೆ 'ಸೆರ್ತು' ಎಂಬ ಹೆಸರೇ ಇದೆ.

ಹಂದಿ ಬಡಿಸದ ಬಫೆಯಲ್ಲಿ ಈ ಕಷ್ಟ ಕಡಿಮೆ, ಒಪ್ಪಬೇಕು. ಆದರೆ ದನದ ಮಾಂಸ, ಕೋಳಿ ಎಲ್ಲಿಂದ ಬಂತು? ಝಬೀಹ ಆಗದ ದನದ ಮಾಂಸಕ್ಕೆ 'ಹಂದಿ ಇಲ್ಲ' ಎಂಬ ಬೋರ್ಡು ಏನು ಮಾಡೀತು? ಸಿಹಿಯ ಮೇಜಿನಲ್ಲಿ ನಡುಗುವ ಪುಡ್ಡಿಂಗ್ ಇರುತ್ತದೆ, ಮಕ್ಕಳು ಮೊದಲು ಓಡುವುದು ಅಲ್ಲಿಗೇ. ಜಪಾನಿನವರ ಕಾಂತೆನ್ ಕಡಲಕಳೆಯಿಂದ ಮಾಡಿದ್ದು. ರಮಝಾನಿನಲ್ಲಿ ನಮ್ಮ ಮನೆಗಳಲ್ಲಿ ಮಾಡುವ ಚೈನಾ ಗ್ರಾಸ್ ಅದೇ, ಸಂಶಯವೇ ಬೇಡ. ಅದರ ಪಕ್ಕದಲ್ಲೇ ಜೆಲಟಿನ್ ಹಾಕಿದ್ದು ಇದ್ದರೆ ನೋಡಲು ಎರಡೂ ಒಂದೇ. ಜೆಲಟಿನ್ ಮಾಡುವುದು ಹಂದಿಯ ಅಥವಾ ದನದ ಚರ್ಮ ಎಲುಬಿನಿಂದ.

ಮಲೇಷ್ಯಾದಲ್ಲಿ ಇದನ್ನೆಲ್ಲ ನಾವೇ ತನಿಖೆ ಮಾಡುವ ಕಷ್ಟ ತಪ್ಪಿಸಲು ಒಂದು ದಾರಿ ಇದೆ, ನಮಗೆ ಅಂದು ಅದೂ ಹೊಳೆಯಲಿಲ್ಲ. ಅಲ್ಲಿ ಹಲಾಲ್ ಪ್ರಮಾಣಪತ್ರ ಕೊಡುವುದು ಸರಕಾರದ ಇಸ್ಲಾಮೀ ಇಲಾಖೆ 'ಜಾಕಿಮ್' ಮತ್ತು ರಾಜ್ಯಗಳ ಧಾರ್ಮಿಕ ಇಲಾಖೆಗಳು. 2012ರ ಜನವರಿ 1ರಿಂದ ಜಾರಿಯಾದ ಆದೇಶದ ಪ್ರಕಾರ ಬೇರೆ ಯಾರೂ ತಮ್ಮಷ್ಟಕ್ಕೆ ಹಲಾಲ್ ಮುದ್ರೆ ಹೊಡೆದುಕೊಳ್ಳುವಂತಿಲ್ಲ. ಮುದ್ರೆಯಲ್ಲಿ ಎಂಟು ಮೂಲೆಯ ನಕ್ಷತ್ರ, ನಡುವೆ ಅರಬಿಯಲ್ಲಿ ಹಲಾಲ್. ಅದು ಸಿಗಬೇಕಾದರೆ ಆ ಜಾಗದಲ್ಲಿ ಮದ್ಯ ಮಾರುವಂತಿಲ್ಲ, ಮಾಂಸದ ಮೂಲ ತೋರಿಸಬೇಕು, ಅಡುಗೆಮನೆಯಲ್ಲಿ ಮುಸ್ಲಿಮ್ ಕೆಲಸಗಾರರಿರಬೇಕು. ಹಲಾಲ್ ಎಂದು ಬರೆಯಲು ಪತ್ರ ಇಲ್ಲದ ಹೋಟೆಲುಗಳೇ ಹೆಚ್ಚಾಗಿ 'ನೋ ಪೋರ್ಕ್, ನೋ ಲಾರ್ಡ್' ಎಂದು ಬರೆಯುವುದು. ನಾವು ಯಾವ ಬೋರ್ಡನ್ನು ಹಲಾಲಿನ ಪುರಾವೆ ಎಂದುಕೊಂಡೆವೋ ಅದು ಹಲಾಲ್ ಪತ್ರ ಇಲ್ಲ ಎನ್ನುವುದರ ಗುರುತಾಗಿತ್ತು. ಇದನ್ನು ತಿಳಿದ ದಿನ ನಮಗೆ ರಾತ್ರಿ ಸರಿ ನಿದ್ದೆ ಬರಲಿಲ್ಲ.

ಪತ್ರ ಆ ಒಂದು ಅಂಗಡಿಗೆ ಮಾತ್ರ, ಹೆಸರಿಗೆ ಅಲ್ಲ ಎಂಬುದೂ ಗೊತ್ತಿರಲಿ. ಒಂದೇ ಹೆಸರಿನ ಹೋಟೆಲಿನ ಒಂದು ಶಾಖೆಗೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಪತ್ರಕ್ಕೆ ಅವಧಿಯೂ ಇದೆ, ಗೋಡೆಯಲ್ಲಿ ತೂಗಿದ್ದರ ತಾರೀಕು ನೋಡಿ. ಜಾಕಿಮ್‌ನ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಆ ಪತ್ರವಿರುವ ಜಪಾನಿ ಹೋಟೆಲುಗಳು ಕೌಲಾಲಂಪುರದಲ್ಲೇ ಇವೆ. ಅಲ್ಲಿ ಮೀರಿನ್ ಬದಲು ಸಕ್ಕರೆ, ವಿನೆಗರ್ ಬಳಸಿ ಅಡುಗೆ ಮಾಡುತ್ತಾರೆ. ಇನ್ನೊಂದು ಕಡೆಯೂ ಹೇಳಬೇಕು: ಪತ್ರ ಪಡೆಯುವುದು ಅಲ್ಲಿ ಕಡ್ಡಾಯವಲ್ಲ. ಮುಸ್ಲಿಮರೇ ನಡೆಸುವ ಎಷ್ಟೋ ಸಣ್ಣ ಅಂಗಡಿಗಳಲ್ಲಿ ಇರುವುದಿಲ್ಲ. ಪತ್ರ ಇಲ್ಲ ಎಂದ ತಕ್ಷಣ ಹರಾಮ್ ಎಂದಲ್ಲ. ಕೇಳಬೇಕು ಎಂದರ್ಥ.

ಕೇಳುವುದರಲ್ಲೇ ನಮ್ಮವರು ಸೋಲುವುದು. "ಈಸ್ ಇಟ್ ಹಲಾಲ್?" ಎಂದು ಬಡಿಸುವ ಹುಡುಗನನ್ನು ಕೇಳುತ್ತೇವೆ. ಅವನೂ ಹೊಟ್ಟೆಪಾಡಿಗೆ ಬೇರೆ ದೇಶದಿಂದ ಬಂದವನಿರಬಹುದು. ಹಲಾಲ್ ಎಂದರೆ ಹಂದಿ ಇಲ್ಲದಿರುವುದು ಎಂದಷ್ಟೇ ಅವನಿಗೆ ಗೊತ್ತು. "ಯೆಸ್ ಸರ್, ನೋ ಪೋರ್ಕ್" ಎನ್ನುತ್ತಾನೆ. ಅವನು ಮೋಸ ಮಾಡಿದ್ದಲ್ಲ, ನಮ್ಮ ಪ್ರಶ್ನೆ ಸರಿ ಇರಲಿಲ್ಲ. ಅದರ ಬದಲು ಮ್ಯಾನೇಜರನ್ನೋ ಅಡುಗೆಯವರನ್ನೋ ಕರೆದು ಬಿಡಿಬಿಡಿಯಾಗಿ ಕೇಳಿ. ನಿಮ್ಮ ಅಡುಗೆಮನೆಯಲ್ಲಿ ಮೀರಿನ್, ಸಾಕೆ ಉಂಟಾ? ಸುಶಿ ಅನ್ನಕ್ಕೆ ಎಂತ ಹಾಕ್ತೀರಿ? ದನದ ಮಾಂಸ, ಕೋಳಿ ಯಾರಿಂದ ತರುವುದು, ಅವರ ಹಲಾಲ್ ಪತ್ರ ಉಂಟಾ? ಎಣ್ಣೆ, ಕತ್ತಿ, ಹಲಗೆ ಬೇರೆ ಬೇರೆಯಾ? 'ಹೌದು, ಇಲ್ಲ' ಎಂದು ಉತ್ತರಿಸಬಹುದಾದ ಪ್ರಶ್ನೆಗೆ ಹೆಚ್ಚಿನವರು ಪ್ರಾಮಾಣಿಕವಾಗಿಯೇ ಉತ್ತರಿಸುತ್ತಾರೆ. ಅವರಿಗೇ ಗೊತ್ತಿಲ್ಲ ಎಂದಾದರೆ ಅದೂ ಒಂದು ಉತ್ತರವೇ.

ಮತ್ತೆ ಇದನ್ನು ಫೋನಿನಲ್ಲಿ ಮುಂಚೆಯೇ ಕೇಳಿ. ಬಫೆಯಲ್ಲಿ ತಲೆಗೆ ಇಷ್ಟು ಎಂದು ಹಣ. ಆರು ಮಂದಿಗೆ ರಿಂಗಿಟ್ ಎಣಿಸಿ ಕೊಟ್ಟು ಒಳಗೆ ಕೂತ ಮೇಲೆ ಸಂಶಯ ಬಂದರೆ ಎದ್ದು ಬರುವ ಧೈರ್ಯ ಎಷ್ಟು ಜನರಿಗೆ ಉಂಟು? ಆಗ ಮನಸ್ಸು ತಾನೇ ಫತ್ವಾ ಕೊಡಲು ಶುರು ಮಾಡುತ್ತದೆ. 2023ರ ಡಿಸೆಂಬರಿನಿಂದ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಮಲೇಷ್ಯಾಕ್ಕೆ ಬಾಗಿಲು ತೆರೆದ ಮೇಲೆ ನಮ್ಮ ಮನೆಗಳಿಂದಲೂ ಹೋಗುವವರು ಇದ್ದಾರೆ. ಟೂರಿನವರು ಊಟ ಮೊದಲೇ ಗೊತ್ತು ಮಾಡಿರುತ್ತಾರೆ. ಹಣ ಕಟ್ಟುವ ಮೊದಲೇ ಅವರಲ್ಲಿ ಹೋಟೆಲಿನ ಹೆಸರು ಬರೆಸಿಕೊಳ್ಳಿ.

ಕೇಳಲು ನಾಚಿಕೆ ಪಡುವ ನಮ್ಮ ಯುವಕರ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. 2022ರ ಯುಗಾದಿಯ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಎಂಬ ಪದವನ್ನೇ ಬೈಗುಳದ ಹಾಗೆ ಬೀದಿಗೆ ತಂದರು. ಆಮೇಲೆ ಆಫೀಸಿನ ಗೆಳೆಯರ ಮುಂದೆ ಆ ಪದ ಎತ್ತಲು ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಹೇಳಿದ, ಟೀಮ್ ಊಟಕ್ಕೆ ಜಪಾನಿ ಹೋಟೆಲಿಗೆ ಹೋದಾಗ "ಹೊಟ್ಟೆ ಸರಿ ಇಲ್ಲ" ಎಂದು ಸುಳ್ಳು ಹೇಳಿ ಹಣ್ಣು ತಿಂದು ಬಂದನಂತೆ. ಸಸ್ಯಾಹಾರಿ ಗೆಳೆಯ ಅದೇ ಮೇಜಿನಲ್ಲಿ "ಇದರಲ್ಲಿ ಮೀನಿನ ಸಾರು ಉಂಟಾ?" ಎಂದು ಎರಡು ಸಲ ಕೇಳಿದ, ಯಾರೂ ಮುಖ ಸಿಂಡರಿಸಲಿಲ್ಲ. ನೀವೂ ಕೇಳಿ ಮಾರ್ರೆ. ಪದ ಎತ್ತಲು ಮನಸ್ಸಿಲ್ಲದಿದ್ದರೆ "ನಾನು ಮದ್ಯ ತಿನ್ನುವುದಿಲ್ಲ, ಸಾಸಿನಲ್ಲಿ ಉಂಟಾ?" ಎಂದು ಕೇಳಿದರೂ ಸಾಕು. ಬೆಂಗಳೂರಿನಲ್ಲಿ ಜಾಕಿಮ್‌ನಂಥ ಸರಕಾರಿ ಇಲಾಖೆ ಇಲ್ಲ. ಆಹಾರ ಇಲಾಖೆಯ ಪರವಾನಿಗೆ ಹಲಾಲಿನ ಬಗ್ಗೆ ಏನೂ ಹೇಳುವುದಿಲ್ಲ. ಅಲ್ಲಿ ಬಾಯಿಬಿಟ್ಟು ಕೇಳುವುದೇ ದಾರಿ. ಗಲ್ಫಿನ ದೊಡ್ಡ ಹೋಟೆಲುಗಳಲ್ಲೂ ಅಷ್ಟೇ. ಮುಸ್ಲಿಮ್ ದೇಶ ಎಂದು ಕಣ್ಣು ಮುಚ್ಚಬೇಡಿ. ದುಬೈಯಲ್ಲಿ ಬಾರ್ ಇರುವ ಹೋಟೆಲಿನ ಅಡುಗೆಮನೆಗೆ ಮೀರಿನ್ ಹೋಗುವುದನ್ನು ನಮ್ಮ ಆ ಹುಡುಗ ಕಣ್ಣಾರೆ ಕಂಡವ.

ಕೇಳಿದ ಮೇಲೆ ಅಲ್ಲಿ ತಿನ್ನುವ ಬೇರೆಯವರನ್ನು ನೋಡಿ ಮೂಗು ಮುರಿಯುವ ಕೆಲಸ ಬೇಡ. ಅವರು ಏನು ವಿಚಾರಿಸಿದ್ದಾರೋ ನಿಮಗೆ ಗೊತ್ತಿಲ್ಲ. ಸಂಶಯದ್ದನ್ನು ಬಿಟ್ಟವನು ತನ್ನ ದೀನನ್ನು ಕಾಪಾಡಿಕೊಂಡ ಎಂಬ ಪಾಠ ನಮ್ಮ ತಟ್ಟೆಗೆ, ಪಕ್ಕದವನ ತಟ್ಟೆಗೆ ಅಲ್ಲ.

ಆ ಹುಡುಗಿಗೆ ನಾವೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆವು. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಉಸ್ತಾದ್, ಸುಶಿ ಮೇಜಿನ ಪಕ್ಕದಲ್ಲೇ ಬಿಯರ್ ನಲ್ಲಿ ಇತ್ತು. ನನಗೆ ಆಗಲೇ ಸಂಶಯ ಬಂದಿತ್ತು. ನೀವು ಹೇಳಿದ್ದೀರಲ್ಲ ಅಂತ ತಿಂದೆವು" ಎಂದಳು. ಅರಿಯದೆ ತಿಂದದ್ದಕ್ಕೆ ನಿಮ್ಮ ಮೇಲೆ ಗುನಾಹ್ ಇಲ್ಲ, ಇದನ್ನು ಗಂಡನ ಉಮ್ಮನಿಗೂ ಹೇಳು, ವಯಸ್ಸಾದವರು ಕೊರಗುವುದು ಬೇಡ ಎಂದೆವು. ವಿಚಾರಿಸದೆ ಹೇಳಿದವನ ಲೆಕ್ಕ ಬೇರೆ. ಆ ತೌಬಾ ನಾವು ಮಾಡಿಕೊಂಡಿದ್ದೇವೆ.

ಆ ಧ್ವನಿ ಸಂದೇಶ ಈಗಲೂ ಎಷ್ಟು ಫೋನುಗಳಲ್ಲಿ ಇದೆಯೋ ಗೊತ್ತಿಲ್ಲ. ನಿಮ್ಮಲ್ಲಿ ಇದ್ದರೆ ಅಳಿಸಿ. ಯಾರಿಗಾದರೂ ಕಳಿಸಿದ್ದರೆ ಅದೇ ಜನರಿಗೆ, ಅದೇ ಗುಂಪಿಗೆ ಈ ಪುಟದ ಫೋಟೊವನ್ನೂ ಕಳಿಸಿ. ಇನ್ನು ಮುಂದೆ ಬಾಗಿಲಲ್ಲಿ ನಿಂತು ನಮಗೆ ಬೋರ್ಡಿನ ಫೋಟೊ ಹಾಕುವವರು ಒಳಗೆ ಹೋಗಿ ಅಡುಗೆಯವರಲ್ಲಿ ಕೇಳಿ ಬಂದ ಉತ್ತರವನ್ನೂ ಜೊತೆಗೆ ಬರೆಯಿರಿ. ನಾವು ಉತ್ತರ ಕೊಡಲು ತಡ ಮಾಡಿದರೆ ಬೇಸರ ಮಾಡಬೇಡಿ.